4.5 ಗಿಗಾಹರ್ಟ್ಜ್‌ನಲ್ಲಿ ಹಳೇ 2500ಕೆ: ಸುಮ್ನಿದ್ದಾಗ ಯಾಕೆ ಹ್ಯಾಂಗ್?

ಏಪ್ರಿಲ್ 12

ಅಟ್ಟದ ಮೇಲಿದ್ದ ಇಂಟೆಲ್ ಪ್ರೊಸೆಸರ್ ಐ5-2500ಕೆ ಮತ್ತೆ ಕೆಳಗಿಳಿಯಿತು, ಓವರ್‌ಕ್ಲಾಕ್ ಮಾಡೋಕೆ, ಅಂದರೆ ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸೋಕೆ. 2011ರ ಚಿಪ್, ನಾಲ್ಕು ಕೋರ್. ಇಂಟೆಲ್ ಕೊಟ್ಟ ವೇಗ 3.3 ಗಿಗಾಹರ್ಟ್ಜ್, ಟರ್ಬೋದಲ್ಲಿ 3.7. ಹೆಸರಿನ ಕೊನೆಗೆ 'ಕೆ' ಇದೆ, ಹಾಗಾಗಿ ಮಲ್ಟಿಪ್ಲೈಯರ್‌ಗೆ ಬೀಗ ಇಲ್ಲ. ಬೇಸ್ ಕ್ಲಾಕ್ 100 ಮೆಗಾಹರ್ಟ್ಜ್‌ನಲ್ಲೇ ಬಿಟ್ಟು ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಮಲ್ಟಿಪ್ಲೈಯರ್ 45 ಹಾಕಿದೆ, ಗುಣಿಸಿದರೆ 4.5 ಗಿಗಾಹರ್ಟ್ಜ್. ವೋಲ್ಟೇಜ್ 1.28. ವಿಂಡೋಸ್ ಆರಾಮಾಗಿ ಬೂಟ್ ಆಯಿತು. ಅದನ್ನು ನಂಬಿ ಹಿಂದೊಮ್ಮೆ ಒಂದಿಡೀ ಫೈಲ್ ಕಳ್ಕೊಂಡಿದ್ದೇನೆ, ಈ ಸಲ ಇಲ್ಲ.

ಚಿಪ್ಪಿಗೆ ಎಡೆಬಿಡದೆ ಲೆಕ್ಕ ಕೊಟ್ಟು ಪರೀಕ್ಷಿಸೋ ಪ್ರೈಮ್95ರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಅನ್ನೋ ಪರೀಕ್ಷೆ ಹಚ್ಚಿ ಕಾಫಿ ಕುಡಿದು ಬಂದೆ. ಮೂರನೇ ವರ್ಕರ್ (ಒಂದು ಕೋರ್‌ನ ಲೆಕ್ಕ) ನಿಂತುಬಿಟ್ಟಿತ್ತು. ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಮ್ಮಿ ಇರಬೇಕಿತ್ತು ಅನ್ನೋ ಎರರ್.

ಈ 0.5 ನನಗೆ ಬಹಳ ಇಷ್ಟ. ಪ್ರೈಮ್95 ದೊಡ್ಡ ದೊಡ್ಡ ಸಂಖ್ಯೆಗಳನ್ನು ದಶಾಂಶದ ಲೆಕ್ಕದಲ್ಲಿ ಗುಣಿಸುತ್ತೆ, ಆದರೆ ಕೊನೆಗೆ ಪೂರ್ಣಾಂಕವೇ ಬರಬೇಕು. 7.02 ಬಂದರೆ ಅದು 7 ಅಂತ ಗೊತ್ತಾಗುತ್ತೆ. 7.5 ಬಂದರೆ? 7ಓ 8ಓ ಹೇಳೋ ಹಾಗೇ ಇಲ್ಲ. ಕಂಪ್ಯೂಟರ್ ಹೊರಗಿಂದ ಚೆನ್ನಾಗೇ ಓಡ್ತಿತ್ತು, ಒಳಗೆ ಲೆಕ್ಕ ತಪ್ಪಿತ್ತು, ಅಷ್ಟೇ.

ಏಪ್ರಿಲ್ 13

ವೋಲ್ಟೇಜ್ 1.30ಕ್ಕೆ ಏರಿಸಿದರೆ ನೀಲಿ ಪರದೆ, ಕೋಡ್ 0ಎಕ್ಸ್124. ಈ ಚಿಪ್‌ನಲ್ಲಿ ಅದು ಬಂದರೆ ಮೊದಲು ವೋಲ್ಟೇಜ್ ಸಾಲದು ಅಂತಲೇ ಅನುಮಾನ ಪಡಬೇಕು. 1.32 ಕೊಟ್ಟೆ. ಸುಧಾರಿಸಿತು.

ಏಪ್ರಿಲ್ 15

ರಾತ್ರಿಯಿಡೀ ಓಡಿಸೋಣ ಅಂತ ಬಿಟ್ಟೆ. ಏಳನೇ ಗಂಟೆಗೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿದೆ. ಬೆಳಗ್ಗೆ ಅಮ್ಮ, "ಆ ಡಬ್ಬ ರಾತ್ರಿಯೆಲ್ಲಾ ಯಾಕೋ ಹಂಗೆ ಕೂಗುತ್ತೆ? ನಿಂತಮೇಲೆ ಚೆನ್ನಾಗಿ ನಿದ್ದೆ ಬಂತು ನೋಡು" ಅಂದರು.

ಮತ್ತೆ ಮೊದಲಿಂದ. ರಾತ್ರಿ 74 ಡಿಗ್ರಿ ಇದ್ದದ್ದು ಮಧ್ಯಾಹ್ನ 83 ಮುಟ್ಟಿತು. ದಾವಣಗೆರೆ ಬಿಸಿಲು, ಎಸಿ ಇಲ್ಲದ ರೂಮು. ಕೂಲರ್ ಎಷ್ಟೇ ದೊಡ್ಡದಿದ್ದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು, ರೂಮು ಕಾದಷ್ಟೂ ಚಿಪ್ಪೂ ಕಾಯುತ್ತೆ. ಈ ಚಿಪ್ 98ರ ಹತ್ತಿರ ತಾನೇ ವೇಗ ಇಳಿಸಿಕೊಳ್ಳುತ್ತೆ, ಇನ್ನೂ ಜಾಗ ಇದೆ. ಆದರೂ ಬೇಸಿಗೆಯಲ್ಲಿ ಬರೀ ರಾತ್ರಿ ಪರೀಕ್ಷೆ ಮಾಡಿ ಪಾಸ್ ಅನ್ನೋದು ಮೋಸ.

ಏಪ್ರಿಲ್ 19

ಕೆಲಸ ಇಲ್ಲದಾಗಲೂ 1.32 ಯಾಕೆ ಸುರಿಯಬೇಕು ಅಂತ ಆಫ್‌ಸೆಟ್ ಮೋಡ್‌ಗೆ ಬಂದೆ, ಅಂದರೆ ಚಿಪ್ ತಾನೇ ಕೇಳೋ ವೋಲ್ಟೇಜ್‌ಗೆ ಇಷ್ಟು ಕೂಡು, ಇಷ್ಟು ಕಳೆ ಅನ್ನೋದು. ಲೋಡ್‌ಲೈನ್ ಕ್ಯಾಲಿಬ್ರೇಶನ್ (ಲೋಡ್, ಅಂದರೆ ಭಾರೀ ಕೆಲಸ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯೋದು) ಗರಿಷ್ಠ, ಆಫ್‌ಸೆಟ್ ಮೈನಸ್ 0.060. ಲೋಡ್‌ನಲ್ಲಿ ಅದೇ 1.32. ಹನ್ನೊಂದು ಗಂಟೆ ಒಂದೂ ತಪ್ಪಿಲ್ಲ. ಖುಷಿಯಾಗಿ ಊಟಕ್ಕೆ ಎದ್ದೆ. ಬಂದು ನೋಡಿದರೆ ಖಾಲಿ ಡೆಸ್ಕ್‌ಟಾಪ್ ಮೇಲೆ ಮೌಸ್ ಅಲುಗಾಡ್ತಿಲ್ಲ! ಪರದೆಯ ಗಡಿಯಾರ 1:42ಕ್ಕೆ ನಿಂತಿತ್ತು.

ಸಂಜೆ ಮತ್ತೆ ಅದೇ ಕಥೆ. ರ್‍ಯಾಮ್ ಮೇಲೆ ಅನುಮಾನ ಪಟ್ಟು ಮೆಮ್‌ಟೆಸ್ಟ್86+ ನಾಲ್ಕು ಸುತ್ತು ಓಡಿಸಿದೆ, ಶುದ್ಧ. ಎರಡು ದಿನ ವೇಸ್ಟ್.

ಏಪ್ರಿಲ್ 22

ಕಳ್ಳ ಸಿಕ್ಕಿದ. ಕೆಲಸ ಇಲ್ಲದಾಗ ಚಿಪ್ 1.6 ಗಿಗಾಹರ್ಟ್ಜ್‌ಗೆ ಇಳಿಯುತ್ತೆ, ವೋಲ್ಟೇಜೂ ಇಳಿಯುತ್ತೆ. ಅಲ್ಲೂ ಆ ಮೈನಸ್ 0.060 ಕಳೆಯುತ್ತೆ ಅಲ್ವಾ? ವೋಲ್ಟೇಜ್ ತೋರಿಸೋ ಸಿಪಿಯು-ಝಡ್‌ನಲ್ಲಿ 0.92ಕ್ಕೆ ಬಿದ್ದಿತ್ತು, ಅದು ಸಾಲದೇ ಹ್ಯಾಂಗ್. ಪ್ರೈಮ್95 ಚಿಪ್ಪನ್ನು ಒಂದು ಕ್ಷಣವೂ ಸುಮ್ನಿರೋಕೆ ಬಿಡಲ್ಲ, ಹಾಗಾಗಿ ಈ ತಪ್ಪು ಅದಕ್ಕೆ ಕಾಣೋದೇ ಇಲ್ಲ.

ಲೋಡ್‌ಲೈನ್ ಎರಡು ಹಂತ ಇಳಿಸಿದೆ. ಈಗ ಲೋಡ್ ಬಿದ್ದಾಗ ವೋಲ್ಟೇಜ್ ತಾನೇ ಕುಸಿಯುತ್ತೆ, ಆದ್ದರಿಂದ ಆಫ್‌ಸೆಟ್ ಮೈನಸ್ 0.005 ಸಾಕಾಯಿತು. ಲೋಡ್‌ನಲ್ಲಿ ಮತ್ತೆ 1.32, ಸುಮ್ನಿದ್ದಾಗ 0.97.

ಏಪ್ರಿಲ್ 26

ನಾಲ್ಕು ದಿನ ಆಯಿತು. ಸ್ಮಾಲ್ ಎಫ್‌ಎಫ್‌ಟಿ 12 ಗಂಟೆ, ರ್‍ಯಾಮನ್ನೂ ಸೇರಿಸಿ ಪರೀಕ್ಷಿಸೋ ಬ್ಲೆಂಡ್ ಒಂದು ರಾತ್ರಿ, ಎರಡು ದಿನ ಬರೀ ಆನ್ ಮಾಡಿಟ್ಟು ಮುಟ್ಟದೇ ಬಿಟ್ಟಿದ್ದೆ. ಹ್ಯಾಂಗ್ ಇಲ್ಲ. 4.6 ಹಾಕೋ ಆಸೆ ಇದೆ, ಆದರೆ ಮೊದಲು ಯುಪಿಎಸ್ ಬ್ಯಾಟರಿ ತರಬೇಕು.