ಹಾಲು ಕರೆಯುವ ಹೊತ್ತಿನ ಹಕ್ಕಿಗಳು

ಬೆಳಿಗ್ಗೆ ಐದೂವರೆಗೆ ಕೊಟ್ಟಿಗೆಗೆ ಹೋದರೆ ಎರಡು ಹಸು ಕರೆದು ಮುಗಿಸುವಷ್ಟರಲ್ಲಿ ಆರೂಕಾಲು. ಅಷ್ಟು ಹೊತ್ತೂ ಹಣೆ ಹಸುವಿನ ಪಕ್ಕೆಗೆ ಆನಿಕೊಂಡಿರುತ್ತದೆ, ಎರಡೂ ಕೈ ಕೆಚ್ಚಲಿನ ಮೇಲೆ. ಕತ್ತೆತ್ತಿ ಹಕ್ಕಿ ಹುಡುಕಿದರೆ ಗೌರಿ ಕಾಲು ಎತ್ತುತ್ತಾಳೆ. ಶಿರಸಿ ತಾಲೂಕಿನ ಈ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾಯಿತು. ಇಲ್ಲಿನ ಹಕ್ಕಿಗಳನ್ನೆಲ್ಲ ನಾನು ಗುರುತು ಮಾಡಿಕೊಂಡದ್ದು ಹೀಗೆ ಕೂತು, ಕಿವಿಯಲ್ಲೇ.

ಅತ್ತೆ ಮೊದಲು ಹೇಳಿಕೊಟ್ಟದ್ದು ಕುಟ್ರುಹಕ್ಕಿ. ಅದರ ಕೂಗೇ ಅದರ ಹೆಸರು, ಮರೆಯುವ ಮಾತೇ ಇಲ್ಲ. ಮಡಿವಾಳವೂ ಬೇಗ ಸಿಕ್ಕಿತು. ಬೇಸಿಗೆ ಶುರುವಾದರೆ ತೆಂಗಿನ ಮರದ ತುದಿಯಲ್ಲಿ ಕೂತು, ಬೆಳಕು ಹರಿಯುವ ಮೊದಲೇ ಹಾಡುತ್ತದೆ. ಕೋಗಿಲೆ ಎಲ್ಲರಿಗೂ ಗೊತ್ತು. ಆದರೆ 'ಕಿಕ್ ಕಿಕ್ ಕಿಕ್' ಎಂದು ಚೀರುತ್ತ ಹಾರುವುದು ಹೆಣ್ಣು ಕೋಗಿಲೆ ಎಂದು ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ನನ್ನನ್ನು ಸೋಲಿಸಿದ್ದು ಹಲಸಿನ ಮರದ ಒಂದು ಹಕ್ಕಿ. ನಾಲ್ಕು ಸಲ 'ಕುಟ್ರೂ' ಎನ್ನುತ್ತಿತ್ತು, ನಡುವೆ ಗಂಟೆ ತಟ್ಟಿದಂಥ ದನಿ, ಹಿಂದೆಯೇ ಸಣ್ಣ ಹಕ್ಕಿಗಳನ್ನು ಹಿಡಿಯುವ ಗಿಡುಗ ಬಿಜ್ಜುವಿನ ಕೂಗು. ಆ ಕೂಗಿಗೆ ಅಂಗಳದ ಪಿಕಳಾರಗಳೆಲ್ಲ ದಾಸವಾಳದ ಗಿಡದೊಳಗೆ ನುಗ್ಗುತ್ತಿದ್ದವು. ಅಲ್ಲಿ ಮೂರು ಹಕ್ಕಿ ಇವೆ ಎಂದೇ ಎರಡು ವರ್ಷ ನಂಬಿದ್ದೆ. ಒಂದು ದಿನ ಹಾಲಿನ ಚೆಂಬು ಹಿಡಿದು ಹೊರಗೆ ಬಂದಾಗ ಒಣಗಿದ ರೆಂಬೆಯ ಮೇಲೆ ಕಂಡದ್ದು ಒಂದೇ ಹಕ್ಕಿ. ಮಿರಿಮಿರಿ ಕಪ್ಪು, ಹಣೆಯ ಮೇಲೆ ಜುಟ್ಟು, ಬಾಲದಿಂದ ಎರಡು ತಂತಿ ಇಳಿಬಿದ್ದು ತುದಿಯಲ್ಲಿ ಒಂದೊಂದು ಗರಿಯ ಕುಚ್ಚು. ಭೀಮರಾಜ! ನನ್ನೆದುರೇ ಕೊಕ್ಕು ತೆರೆದು 'ಕುಟ್ರೂ' ಎಂದಿತು. ಮೈ ಜುಮ್ಮೆಂದಿತು ನನಗೆ.

ಈಗ ವ್ಯತ್ಯಾಸ ತಿಳಿಯುತ್ತದೆ. ನಿಜವಾದ ಕುಟ್ರುಹಕ್ಕಿ ಹಿಡಿದ ಪಟ್ಟು ಬಿಡುವುದಿಲ್ಲ. ಅದೇ ಕೂಗನ್ನು ಕೂಗುತ್ತಲೇ ಇರುತ್ತದೆ, ಸೊಪ್ಪಿನ ಬೆಟ್ಟದ ಕಡೆಯಿಂದ ಇನ್ನೊಂದು ಅದಕ್ಕೆ ದನಿಗೂಡಿಸುತ್ತದೆ. ಭೀಮರಾಜನಿಗೆ ಅಷ್ಟು ತಾಳ್ಮೆ ಇಲ್ಲ, ಸ್ವಲ್ಪದರಲ್ಲೇ ಬೇರೆ ದನಿಗೆ ಹಾರುತ್ತದೆ. ಮಗಳು ನನ್ನ ಮೊಬೈಲಿಗೆ ಮರ್ಲಿನ್ ಆ್ಯಪ್ ಹಾಕಿಕೊಟ್ಟಿದ್ದಾಳೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು, ದನಿ ಕೇಳಿ ಹೆಸರು ಸೂಚಿಸುತ್ತದೆ. ಉಪಯೋಗಕ್ಕೆ ಬರುತ್ತದೆ ನಿಜ, ಆದರೂ ಹಕ್ಕಿಯನ್ನು ಒಮ್ಮೆಯಾದರೂ ಕಣ್ಣಲ್ಲಿ ಕಾಣದೆ ನನ್ನ ವಹಿಯಲ್ಲಿ ಹೆಸರು ಬರೆಯುವುದಿಲ್ಲ.

ಮಳೆ ಹಿಡಿದರೆ ಹಳ್ಳದ ಕಡೆಯಿಂದ ಯಾರೋ ಗಂಡಸು ಸಿಳ್ಳೆ ಹಾಕುತ್ತ ಹೋದಂತೆ ಕೇಳಿಸುತ್ತದೆ. ಮದುವೆಯಾದ ಹೊಸತರಲ್ಲಿ ನಿಜಕ್ಕೂ ಹೆದರಿದ್ದೆ, ಆ ಕತ್ತಲಲ್ಲಿ ತೋಟದೊಳಗೆ ಯಾರು ಎಂದು. ಅದು ನಮ್ಮ ಪಶ್ಚಿಮ ಘಟ್ಟದ ಸಿಳ್ಳೆಹಕ್ಕಿ. ಮೊದಲೂ ಕೊನೆಯೂ ಇಲ್ಲದ, ಯಾವ ರಾಗಕ್ಕೂ ಸೇರದ ಹಾಡು. ತೋಟದ ಕಾದಿಗೆಯ ಕಲ್ಲಿನ ಮೇಲೆ ಒಮ್ಮೆ ಹತ್ತಿರದಿಂದ ಕಂಡಿತ್ತು: ಮಬ್ಬಿನಲ್ಲಿ ಬರೀ ಕಪ್ಪು, ಬಿಸಿಲು ಬಿದ್ದ ಕೂಡಲೇ ಹೆಗಲ ಮೇಲೆ ಹೊಳೆಯುವ ನೀಲಿ. ಇಷ್ಟು ವರ್ಷದಲ್ಲಿ ನನಗೆ ಅತಿ ಪ್ರೀತಿಯ ದನಿ ಇದು.

ಅತ್ತೆಗೆ ಮಾತ್ರ ನವರಂಗವೇ ಬೇಕು. ಉತ್ತರದ ಕಡೆ ಮರಿ ಮಾಡಿ, ಮಳೆಗಾಲ ಕಳೆದ ಮೇಲೆ ಇಲ್ಲಿಗೆ ಬರುವ ಹಕ್ಕಿ. ಬೆಳಿಗ್ಗೆ, ಸಂಜೆ ಮಬ್ಬಿನಲ್ಲಿ ಎರಡು ಸ್ವರದ ಸಿಳ್ಳೆ. ತಮಿಳಿನಲ್ಲಿ ಇದನ್ನು ಆರು ಗಂಟೆ ಹಕ್ಕಿ ಎನ್ನುತ್ತಾರೆ. ದಸರೆ ಮುಗಿದಾಗಿನಿಂದ ಅತ್ತೆಯದು ದಿನಾ ಒಂದೇ ಪ್ರಶ್ನೆ, "ಬಂತನೇ ತಂಗಿ?"

ನಿನ್ನೆ ಕಾವೇರಿಯನ್ನು ಅರ್ಧ ಕರೆದಿದ್ದೆ, ಹಿತ್ತಿಲ ಬಿದಿರು ಮಟ್ಟಿಯಿಂದ ಕೇಳಿತು. ಚೆಂಬು ಅಲ್ಲೇ ಇಟ್ಟು ಅತ್ತೆಯನ್ನು ಕೂಗಿದೆ. ಬಚ್ಚಲ ಒಲೆಗೆ ಅಡಿಕೆ ದಬ್ಬೆ ಒಟ್ಟುತ್ತಿದ್ದವರು ಮಸಿ ಕೈಯಲ್ಲೇ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಇನ್ನೊಂದು ಸಲ ಕೂಗಿತು.