ಆನ್ ಆಗ್ತಿತ್ತಲ್ವಾ ಸಾರ್?

"ಆನ್ ಆಗ್ತಿತ್ತಲ್ವಾ ಸಾರ್?" ಎಂದು ಕಂಪ್ಯೂಟರ್ ಅಂಗಡಿಯಾತ ಫೋನಿನಲ್ಲಿ ಕೇಳಿದ ಮಾತು ಭಾನುವಾರದಿಂದ ನನ್ನ ಕಿವಿಯಲ್ಲೇ ಉಳಿದಿದೆ. ಆತ ಒರಟಾಗಿ ಕೇಳಲಿಲ್ಲ. ನನ್ನ ದೂರು ಏನೆಂದೇ ತಿಳಿಯದವನ ಹಾಗೆ ಮೆಲುದನಿಯಲ್ಲಿ ಕೇಳಿದ, ಅದೇ ನನ್ನನ್ನು ಹೆಚ್ಚು ಕಲಕಿತು.

ನನ್ನ ಮಗಳು ಆರ್ಕಿಟೆಕ್ಚರ್ ಮೂರನೆಯ ವರ್ಷದಲ್ಲಿದ್ದಾಳೆ. ಕಟ್ಟಡದ ಚಿತ್ರವನ್ನು ರೆಂಡರ್ ಮಾಡಲು, ಅಂದರೆ ನೆರಳು ಬೆಳಕಿನ ಸಮೇತ ನಿಜದಂತೆ ಮೂಡಿಸಲು ಇಟ್ಟರೆ ನಮ್ಮ ಕಂಪ್ಯೂಟರ್ ಸ್ವಲ್ಪ ಹೊತ್ತಿಗೇ ಬಸವಳಿಯುತ್ತಿತ್ತು, ಎರಡು ಸಲ ನಡುರಾತ್ರಿ ತಾನಾಗಿಯೇ ಆರಿಹೋಯಿತು. ಹಳೆಯ ಫ್ಯಾನ್ ಸದ್ದು ಮಾಡುತ್ತಿದೆಯೆಂದು ಆರು ತಿಂಗಳ ಹಿಂದೆಯಷ್ಟೇ ಆ ಅಂಗಡಿಯಲ್ಲಿ, ಒಳಗಿನ ಬಿಸಿಯನ್ನು ಹೊರಹಾಕುವ ಹೊಸ ಕೂಲರ್ ಹಾಕಿಸಿದ್ದರಿಂದ ಆ ಕಡೆ ನಮಗೆ ಅನುಮಾನವೇ ಬರಲಿಲ್ಲ. ತನ್ನ ಚಿತ್ರವೇ ಭಾರವಾಯಿತೆಂದುಕೊಂಡ ಮಗಳು ಅಂಗಳದಲ್ಲಿ ತಾನು ಇಟ್ಟಿದ್ದ ಹೊಂಗೆಮರಗಳನ್ನು ಒಂದೊಂದಾಗಿ ತೆಗೆದಳು, ಆಮೇಲೆ ಜಾಲಂಧ್ರದ ನೆರಳನ್ನೂ ತೆಗೆದಳು. ಯಂತ್ರ ತಡೆದುಕೊಳ್ಳಲೆಂದು ಅವಳು ತನ್ನ ಕಲ್ಪನೆಯನ್ನೇ ಕಡಿಮೆ ಮಾಡಿಕೊಳ್ಳುತ್ತಿದ್ದಳೆಂಬುದು ನನಗೆ ತಿಳಿದದ್ದು ಈ ವಾರ.

ಭಾನುವಾರ ಬೆಳಿಗ್ಗೆ ಅಕ್ಕನ ಮಗ ಹನುಮಂತನಗರದ ನಮ್ಮ ಮನೆಗೆ ಬಂದ. ಅವನ ಕೈಗೆ ಅವಸರವಿಲ್ಲ, ಆ ಗುಣಕ್ಕಾಗಿಯೇ ನನಗೆ ಅವನೆಂದರೆ ಗೌರವ. ರೆಂಡರ್ ಶುರುಮಾಡಿ ತಾಪಮಾನ ನೋಡಿದಾಗ ಅದು ನಿಮಿಷದೊಳಗೆ 95 ಡಿಗ್ರಿ ಸೆಲ್ಸಿಯಸ್‌ಗೆ ಹೋಗಿ ಅಲ್ಲೇ ನಿಂತಿತು. ನಮ್ಮ ಕಂಪ್ಯೂಟರಿನ ಪ್ರೊಸೆಸರ್, ಅಂದರೆ ಲೆಕ್ಕವನ್ನೆಲ್ಲ ಮಾಡುವ ಚಿಪ್, 2019ರಲ್ಲಿ ಬಂದ ರೈಜನ್ 5 3600, ಅದಕ್ಕೆ ಕಂಪನಿ ಹೇಳಿರುವ ಗರಿಷ್ಠ ಮಿತಿಯೇ 95. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕಂಪ್ಯೂಟರ್ ಆರಿಸಿದ ಮೇಲೆ ನಾನು ಸ್ಕ್ರೂ ಬಿಚ್ಚಿ ಕೂಲರ್‌ಗೆ ಕೈ ಹಾಕಿದೆ. "ಎಳೀಬೇಡಿ ಮಾವ, ಬಿಸಿ ಇರುವಾಗಲೇ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ" ಎಂದ. ಈ ಬಗೆಯ ಪ್ರೊಸೆಸರ್‌ಗೆ ಪಿನ್ನುಗಳು ಅದರ ತಳದಲ್ಲೇ ಇರುತ್ತವೆ. ಕೂಲರ್ ಮತ್ತು ಪ್ರೊಸೆಸರ್ ನಡುವೆ ಹಚ್ಚುವ ಪೇಸ್ಟ್ ಒಣಗಿ ಹಿಡಿದುಕೊಂಡಿದ್ದರೆ, ಎಳೆದ ರಭಸಕ್ಕೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗಬಹುದು. ತಿರುಗಿಸಿದಾಗ ಕೂಲರ್ ಸಲೀಸಾಗಿ ಮೇಲೆದ್ದಿತು. ಅದರ ತಳದಲ್ಲಿ ಬೂದುಬಣ್ಣದ ಪೇಸ್ಟ್ ಇದ್ದುದರಿಂದ ಎಲ್ಲವೂ ಸರಿಯಾಗಿದೆಯೆಂದೇ ನನಗೆ ತೋರಿತು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನಲ್ಲಿ ಉಗುರು ತಾಗಿಸಿದ. ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಪೇಸ್ಟಿನ ಸಮೇತ ಎದ್ದು ಬಂತು. ಜೋಡಿಸುವ ಮುನ್ನ ಇದನ್ನು ತೆಗೆಯಿರಿ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಹಾಳೆಯ ಅಡಿಯಲ್ಲಿದ್ದ ತಾಮ್ರ ಕಾರ್ಖಾನೆಯಿಂದ ಬಂದ ದಿನದಂತೆ ಹೊಳೆಯುತ್ತಿತ್ತು. ಆರು ತಿಂಗಳಲ್ಲಿ ಅದು ಒಮ್ಮೆಯೂ ಪ್ರೊಸೆಸರನ್ನು ಮುಟ್ಟಿರಲಿಲ್ಲ.

ಪೇಸ್ಟ್ ಎಂದರೆ ತಂಪು ಮಾಡುವ ಮದ್ದು ಎಂದು ನಾನು ತಿಳಿದಿದ್ದೆ, ಅದು ತಪ್ಪು. ಲೋಹದ ಮೈ ಎಷ್ಟು ನುಣುಪಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ, ಎರಡು ಲೋಹಗಳನ್ನು ಒತ್ತಿಟ್ಟಾಗ ಆ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಉಷ್ಣವಾಹಕತೆಯ ಅಳತೆಯಲ್ಲಿ ತಾಮ್ರ ಸುಮಾರು 400 ಇದ್ದರೆ ಗಾಳಿ 0.026 ಮಾತ್ರ, ನಾವು ತಂದ ಪೇಸ್ಟ್ 8.5. ಗಾಳಿಗಿಂತ ಅದು ಮುನ್ನೂರು ಪಟ್ಟಿಗೂ ಮೇಲು, ತಾಮ್ರದ ಮುಂದೆ ಏನೂ ಅಲ್ಲ. ಆದ್ದರಿಂದಲೇ ಗಾಳಿಯನ್ನು ಹೊರದೂಡುವಷ್ಟು ಇದ್ದರೆ ಸಾಕು, ದಪ್ಪವಾಗಿ ಬಳಿದರೆ ಅದೇ ಅಡ್ಡಗೋಡೆಯಾಗುತ್ತದೆ. ಪ್ಲಾಸ್ಟಿಕ್ಕಿನದು ಸುಮಾರು 0.2. ನಾವು ಬಿಸಿಯ ದಾರಿಗೇ ಹೊದಿಕೆ ಹೊದಿಸಿದ್ದೆವು.

ಎಸ್.ಪಿ. ರೋಡಿನಿಂದ ಅವನು ತಂದಿದ್ದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕನ್ನಡಕದ ಬಟ್ಟೆಗೆ ಹಚ್ಚಿ, ಪ್ರೊಸೆಸರಿನ ಮೇಲಿದ್ದ ಪೇಸ್ಟನ್ನು ಅಂಚಿನಿಂದ ನಡುವಿಗೆ ಒರೆಸುತ್ತ ಬಂದೆ. ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು, ಬಟ್ಟೆಗೆ ಬೂದು ಹತ್ತುವುದು ನಿಲ್ಲುವವರೆಗೂ ಹುಡುಗ ನನ್ನನ್ನು ಬಿಡಲಿಲ್ಲ. ಆಮೇಲೆ ಸಿರಿಂಜಿನಿಂದ ನಡುಮಧ್ಯೆ ಒಂದು ತೊಗರಿಕಾಳಿನಷ್ಟು ಪೇಸ್ಟ್ ಇಟ್ಟು, ಕೈಯಿಂದ ಹರಡದೆ, ಕೂಲರನ್ನು ನೇರವಾಗಿ ಇಳಿಸಿದೆವು. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋದೆವು, ಒಂದೇ ಕಡೆ ಮೊದಲು ಬಿಗಿದರೆ ಪೇಸ್ಟ್ ಒಂದು ಬದಿಗೆ ಸರಿದುಬಿಡುತ್ತದೆ.

ಅಂಗಡಿಗೆ ಫೋನ್ ಮಾಡಿದ್ದು ಇಷ್ಟಾದ ಮೇಲೆ. ಹಾಳೆಯ ವಿಷಯ ಹೇಳಿದಾಗ ಬಂದ ಉತ್ತರವೇ ಆ ಪ್ರಶ್ನೆ, "ಆನ್ ಆಗ್ತಿತ್ತಲ್ವಾ ಸಾರ್?" ಹೌದು, ಆನ್ ಆಗುತ್ತಿತ್ತು, ಮೇಲ್ ತೆರೆಯುತ್ತಿತ್ತು, ಪಾಠದ ವಿಡಿಯೊ ಓಡುತ್ತಿತ್ತು. ಆತ ಕೆಟ್ಟವನೆಂದು ನಾನು ಭಾವಿಸಿಲ್ಲ. ದಿನಕ್ಕೆ ಹತ್ತಾರು ಪೆಟ್ಟಿಗೆ ಬಿಚ್ಚಿ ಮುಚ್ಚುವವನಿಗೆ ದೀಪ ಹತ್ತಿದರೆ ಕೆಲಸ ಮುಗಿದಂತೆ, ಹಾಗೆ ಮುಗಿಸಲು ಕಲಿಸಿದವರು ಅವನಿಗಿಂತ ಹಿರಿಯರು. ಆದರೂ ಆ ಉತ್ತರವನ್ನು ನಾನು ಒಪ್ಪಲಾರೆ. ನಾಲ್ಕು ವರ್ಷದ ಹಿಂದೆ ನಮ್ಮ ಪಡಸಾಲೆಗೆ ಟೈಲ್ಸ್ ಹಾಕಿದವರು ಗಾರೆಯನ್ನು ನಾಲ್ಕು ಮೂಲೆಗೆ ಮಾತ್ರ ಇಟ್ಟು ಹೋಗಿದ್ದರು. ಬಾಗಿಲ ಬಳಿಯ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಇಂದಿಗೂ ಟೊಳ್ಳು ಸದ್ದು ಕೇಳುತ್ತದೆ. ಅಲ್ಲೂ ಒಳಗೆ ಉಳಿದಿರುವುದು ಗಾಳಿಯೇ, ಅಲ್ಲೂ ನೆಲ ನೆಲದಂತೆಯೇ ಕಾಣುತ್ತಿತ್ತು. ಮೇಲಿನದು ಮುಚ್ಚಿದ ಮೇಲೆ ಕಾಣದ ಕೆಲಸವನ್ನು ಪರೀಕ್ಷಿಸಲು ಗಿರಾಕಿಗೆ ದಾರಿಯಿಲ್ಲ, ಆದ್ದರಿಂದ ಅದು ಪೂರ್ತಿ ಮಾಡುವವನ ಕೈಯಲ್ಲೇ ಇರುತ್ತದೆ. ಆ ಹಾಳೆ ಎಳೆಯಲು ಎರಡು ಸೆಕೆಂಡು ಬೇಕಿತ್ತು. ಬದಲಿಗೆ ನನ್ನ ಮಗಳು ಒಂದು ಸೆಮಿಸ್ಟರ್ ಪೂರ್ತಿ ತನ್ನನ್ನೇ ಅನುಮಾನಿಸಿದಳು.

ಅದೇ ರೆಂಡರನ್ನು ಮತ್ತೆ ಇಟ್ಟಾಗ ತಾಪಮಾನ 72ಕ್ಕೆ ಏರಿ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಾದೆವು, ಮೇಲೇರಲಿಲ್ಲ. ಮಗಳು ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕೂತು, ಹಳೆಯ ಫೈಲ್ ತೆರೆದು, ಮೊದಲ ಹೊಂಗೆಮರವನ್ನು ಅಂಗಳದಲ್ಲಿ ಅದರ ಜಾಗಕ್ಕೆ ಇಟ್ಟಳು.