ಎರಡು ಸಾಲು ಕಂಬ, ಒಂದು ಸ್ಕೂಟರು

ಕೊನೆಗೂ ಆಕ್ಟಿವಾ ಸೋತಿತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿಯನ್ನು, ಅಂದರೆ ಮನೆಗಳ ಹಿಂಬದಿಯ ಓಣಿಯನ್ನು, ಪಕ್ಕದ ಬಡಾವಣೆಯವರೆಗೆ ನಡೆಯುವ, ಸೈಕಲ್ ಹೊಡೆಯುವ ದಾರಿ ಮಾಡುತ್ತಿದ್ದೆವಲ್ಲ, ಅದೇ ಕಥೆ. ಒಪ್ಪಿಗೆ ಪತ್ರ, ಕಸ, ಜಲ್ಲಿ, ಡಸ್ಟು, ಪೇವರ್ ಎಲ್ಲ ಮುಗಿದಿದೆ. ಅದರ ಬಗ್ಗೆ ಬರೆಯಲ್ಲ, ನೀವೂ ಇಂಥ ದಾರಿ ಮಾಡಿದವರೇ, ಬೆನ್ನು ನೋವು ಎಲ್ಲರದ್ದೂ ಒಂದೇ. ದಾರಿ ತೆರೆದ ಮಾರನೇ ದಿನವೇ ಸ್ಕೂಟರ್‌ಗಳು ನುಗ್ಗಿದವು. ಸಿಗ್ನಲ್ ತಪ್ಪಿಸಲು ಇಷ್ಟು ಒಳ್ಳೇ ಅಡ್ಡದಾರಿ ಎಲ್ಲಿ ಸಿಗುತ್ತೆ? ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೊರಟ ಅಜ್ಜಿಯರ ಬೆನ್ನಿಗೆ ಪೀಂ ಪೀಂ.

ದಾರಿಗೆ ಅಡ್ಡ ಕಂಬ ನೆಟ್ಟರಾಯ್ತು ಅಂದುಕೊಂಡೆ. ಟೇಪ್ ಹಿಡಿದ ಮೇಲೆ ತಲೆ ಕೆಟ್ಟಿತು. ಆಕ್ಟಿವಾ ಅಗಲ ಸುಮಾರು 70 ಸೆಂ.ಮೀ. ವೀಲ್‌ಚೇರ್ ಸಲೀಸಾಗಿ ಹೋಗಲು 90 ಬೇಕು. ವೀಲ್‌ಚೇರ್ ಹೋಗುವ ಸಂದಿಯಲ್ಲಿ ಸ್ಕೂಟರೂ ಹೋಗುತ್ತೆ, ಅಲ್ಲಿಗೆ ಮುಗೀತು! ಆದರೂ ಹಟಕ್ಕೆ ಬಿದ್ದು 65ಕ್ಕೆ ನೆಟ್ಟೆವು. ಮೊದಲು ಸಿಕ್ಕಿಕೊಂಡಿದ್ದು ಹಾಲಿನವರ ಸೈಕಲ್, ಎರಡೂ ಕಡೆ ಕ್ಯಾನ್ ಸಮೇತ. ಅವರು ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರು ಅತ್ತ ಹೋಗುತ್ತಿದ್ದಂತೆ ಹುಡುಗನೊಬ್ಬ ಕನ್ನಡಿ ಮಡಚಿ, ಹ್ಯಾಂಡಲ್ ಓರೆ ಮಾಡಿ, ಸ್ಕೂಟರನ್ನು ಸುಮ್ನೆ ದಾಟಿಸಿಕೊಂಡು ಹೋದ. ಕೈ ಮುಗಿದೆ.

ಅಗಲ ಬೇಡ, ತಿರುವು ಕೊಡೋಣ ಅಂದರೆ ಅದೂ ಅಷ್ಟೇ. ಸ್ಕೂಟರ್‌ಗೂ ಸೈಕಲ್‌ಗೂ ಎರಡು ಚಕ್ರದ ನಡುವಿನ ಅಂತರದಲ್ಲಿ ಅಂಥ ವ್ಯತ್ಯಾಸವೇ ಇಲ್ಲ. ಎರಡು ವಾರ ಇದೇ ಯೋಚನೆ. ಹೊಳೆದಿದ್ದು ಕಾಫಿ ಸೋಸುವಾಗ. ಅವರನ್ನು ತಡೆಯೋದು ಯಾಕೆ, ಲೇಟ್ ಮಾಡಿದರೆ ಸಾಕಲ್ವಾ? ಬೇಗ ಆಗುತ್ತೆ ಅಂತ ತಾನೇ ಬರೋದು!

ಈಗ ಎರಡು ಸಾಲು ಕಂಬ, ಸಾಲಿನ ನಡುವೆ 1.5 ಮೀಟರ್, ವೀಲ್‌ಚೇರ್ ತಿರುಗಲು ಅಷ್ಟು ಜಾಗ ಬೇಕೇ ಬೇಕು. ಸಂದಿ 90 ಸೆಂ.ಮೀ., ಆದರೆ ಒಂದು ಸಾಲಿನ ಸಂದಿ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ. ಸ್ಕೂಟರ್ ಬರಬಹುದು, ಕಾಲು ಕೆಳಗಿಟ್ಟು ತಳ್ಳಿಕೊಂಡು. ಸಿಗ್ನಲ್ಲೇ ವಾಸಿ ಅನ್ನಿಸುತ್ತೆ. 2017ರಲ್ಲಿ ಶುರುವಾದ ನಮ್ಮೂರ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್‌ನ ಸೈಕಲ್ ಒಂದನ್ನು ತಂದು ನೋಡಿದೆ, ಇಳಿಯದೇ ದಾಟಬಹುದು. ಸ್ವಲ್ಪ ಅಭ್ಯಾಸ ಬೇಕು ಅಷ್ಟೇ.

ಕಲ್ಲಿನವನ ವಿಷಯ ಹೇಳದಿದ್ದರೆ ನಿದ್ದೆ ಬರಲ್ಲ. ಮೂರು ಅಡಿ ಕಂಬ ಹೇಳಿದ್ದು. "ಲೋಡ್ ಹೊರಟೇಬಿಟ್ಟಿದೆ ಸಾರ್" ಅಂತ ಒಂಬತ್ತು ದಿನ ಹೇಳಿ, ಕಳಿಸಿದ್ದು ಎರಡೂವರೆ ಅಡಿಯದ್ದು. "ಸ್ವಲ್ಪ ಕಮ್ಮಿ ಹೂಳಿ" ಅಂತ ಸಲಹೆ ಬೇರೆ! ಒಂದನ್ನು ಹಾಗೇ ಹೂತೆವು. ಈಗಾಗಲೇ ಅಲ್ಲಾಡುತ್ತಿದೆ.

ನಡುವೆ ಒಂದು ಮಾತು. ಮುಂದಿನ ಕೆಲಸ ಪೂರ್ಣಯ್ಯ ನಾಲೆ ಪಕ್ಕದ ದಾರಿ. ಕಾವೇರಿ ನೀರನ್ನು ಮೈಸೂರಿಗೆ ತರಲು ದಿವಾನರು ಶುರು ಮಾಡಿಸಿ, ಅಂದುಕೊಂಡಂತೆ ಮುಗಿಯದೇ ಹೋದ ನಾಲೆ ಅದು. ದಿವಾನರಿಗೇ ಹಾಗಾದರೆ ಐದು ಜನ, ಎರಡು ಸಲಿಕೆಯ ನಮ್ಮ ಗತಿ ಏನು ಅಂತ ಮನೆಯಲ್ಲಿ ಕೇಳುತ್ತಾರೆ. ನಕ್ಷೆಯಂತೂ ಶುರು ಮಾಡಿದ್ದೇನೆ.

ಸರಿ, ಕಂಬಕ್ಕೆ ಬರೋಣ. ಸೊಪ್ಪಿನಮ್ಮನ ತಳ್ಳುಗಾಡಿಯನ್ನು ನಾವು ಮರೆತೇಬಿಟ್ಟಿದ್ದೆವು. ಗಾಡಿ ದಾರಿಯ ಬಾಯಲ್ಲೇ ನಿಂತಿತು. "ನಂಗ್ಯಾವ ಸಿಗ್ನಲ್ಲಪ್ಪಾ?" ಅಂದರು. ಅವರಿಗಾಗಿ ಸಾಲಿಗೊಂದು ಕಲ್ಲು ತೆಗೆದು, ಎತ್ತಿ ಇಡುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿ ಬೀಗ ಜಡಿದಿದ್ದೇವೆ. ನೆಲದೊಳಗಿನ ಕೊಳವೆಯ ಬುಡಕ್ಕೆ ಜಲ್ಲಿ ತುಂಬುವುದನ್ನು ಮರೆಯಬೇಡಿ. ನಾವು ಮರೆತು, ಮೊದಲ ಮಳೆಗೇ ಕೆಸರು ಕಟ್ಟಿ, ಪೈಪ್ ಎತ್ತಲು ಮೂರು ಜನ ಬೇಕಾಯಿತು.

ಬೀಗದ ಕೈ ಈಗ ಸೊಪ್ಪಿನಮ್ಮನ ಸೊಂಟದಲ್ಲಿದೆ. ಭಾನುವಾರ ಅಲ್ಲಾಡುವ ಕಲ್ಲು ಕೀಳಬೇಕು, ಹಾರೆ ಇರುವವರು ತನ್ನಿ.